ಗಾಲ್ಫ್ ಆಡಬಹುದು, ಚಕ್ಕಳಮಕ್ಕಳ ಕೂರುವಂತಿಲ್ಲ

ಕೋಟದ ನಿವೃತ್ತ ಮೇಷ್ಟ್ರೊಬ್ಬರ ಎಡಸೊಂಟದಲ್ಲಿ ಬಿಡಾರ ಹೂಡಿರುವ ಕೃತಕ ಕೀಲು, ಯಜಮಾನರು ಉಂಡು ಮಲಗಿದ್ದಾಗ ಮಾತಿಗೆ ಸಿಕ್ಕಿತು.

ಪ್ರಶ್ನೆ: ಊರು ಒಗ್ಗಿತೇ?

ಕೀಲು: ಒಗ್ಗದೆ ಎಂತ ಮಾಡೂದು ಮಾರಾಯ್ರೆ? ನಮ್ಮ ಮೂಲಪುರುಷ ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಟೆಫ್ಲಾನ್ ಬಟ್ಟಲು ಸವೆದು ಕೈಕೊಟ್ಟ ಮೇಲೆ, 1962ರಲ್ಲಿ ಉಕ್ಕಿನ ಗುಂಡಿಗೆ ಪಾಲಿಥಿನ್ ಬಟ್ಟಲು ಕೂರಿಸಿ ನಮ್ಮ ವಂಶ ಉಳಿಸಿದ. ಅವನ ರೋಗಿಗಳು ಹುಟ್ಟಿದ್ದೇ ಕುರ್ಚಿಯವರು.

ಪ್ರಶ್ನೆ: ವೈದ್ಯರು ಏನಂದರು?

ಕೀಲು: ಮೂರ್ನಾಲ್ಕು ತಿಂಗಳು ಕಳೆದರೆ ಗಾಲ್ಫ್ ಆಡಬಹುದಂತೆ.

ಪ್ರಶ್ನೆ: ಕೋಟದಲ್ಲಿ?!

ಕೀಲು: ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಇದೆಯಲ್ಲ! ಅಲ್ಲಿಗೆ ಹೋಗುವ ರಾತ್ರಿ ಬಸ್ಸಿನ ಮೇಲಿನ ಬರ್ತ್ ಹತ್ತುವುದಕ್ಕೆ ಮಾತ್ರ ಅಪ್ಪಣೆಯಿಲ್ಲ.

ಪ್ರಶ್ನೆ: ಗಾಲ್ಫಿಗೇ ಏಕೆ ಇಷ್ಟು ಔದಾರ್ಯ?

ಕೀಲು: ಓಟವಿಲ್ಲ, ನೆಗೆತವಿಲ್ಲ. ಬೀಸುವಾಗ ಬಲಗೈಯವರ ಎಡಸೊಂಟ ತಿರುಚುತ್ತದೆ. ಅದಕ್ಕೇ ಮೊದಲು ಸಣ್ಣ ಹೊಡೆತ, ಆಮೇಲೆ ಪೂರ್ತಿ ಬೀಸು. ಕುಳಿಯಿಂದ ಚೆಂಡೆತ್ತಲು ಬಗ್ಗುವುದೂ ಬೇಡ, ಕೋಲಿನ ತುದಿಗೇ ರಬ್ಬರ್ ಹೀರುಬಟ್ಟಲು ಸಿಗುತ್ತದೆ. ನಮ್ಮವರಲ್ಲೊಬ್ಬರನ್ನು ಹೊತ್ತ ಟಾಮ್ ವಾಟ್ಸನ್, ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬುವ ಮೊದಲೇ, 59ರ ಪ್ರಾಯದಲ್ಲಿ 2009ರ ಬ್ರಿಟಿಷ್ ಓಪನ್‌ನ ಪ್ಲೇಆಫ್ ತಲುಪಿದರು. ಸೋತರು, ಕೀಲನ್ನು ಯಾರೂ ಬಯ್ಯಲಿಲ್ಲ.

ಪ್ರಶ್ನೆ: ಇಲ್ಲಿ ಬಯ್ಯುತ್ತಾರೆಯೇ?

ಕೀಲು: ದಿನಾ! ನೆಲದಿಂದ ಏಳುವಾಗ ಸೊಂಟ ತೀರಾ ಬಗ್ಗಿ ಒಳಕ್ಕೆ ತಿರುಚಿದರೆ ನಾನು ಜಾರಬಹುದು. ಹಾಗಾಗಿ ದೇವಸ್ಥಾನದ ಪಂಕ್ತಿ ತಪ್ಪಿತು. ಮೂಲೆಯ ಟೇಬಲಿಗೆ ಕೂತರೆ "ಎಂತ ಆಯ್ತು?" ಎಂದು ಊರೆಲ್ಲ ಬಂದು ವಿಚಾರಿಸುತ್ತದೆ, ಪಾಯಸ ಮಾತ್ರ ಬರುವುದಿಲ್ಲ. ಮೇಷ್ಟ್ರು ಯಕ್ಷಗಾನದ ಹವ್ಯಾಸಿ ವೇಷಧಾರಿ ಬೇರೆ. ಬಭ್ರುವಾಹನನಾಗಿ ಇನ್ನೊಮ್ಮೆ ಮಂಡಿ ಹಾಕುವ, ಅಂದರೆ ಮೊಣಕಾಲೂರಿ ಗಿರಕಿ ಹೊಡೆಯುವ ಚಪಲ. ವೈದ್ಯರ ಪಟ್ಟಿಯಲ್ಲಿ ಡಬಲ್ಸ್ ಟೆನಿಸ್ ಇದೆ, ಈಜು ಇದೆ. ಮಂಡಿ ಮಾಡಬಹುದೆಂದೂ ಇಲ್ಲ, ಬಾರದೆಂದೂ ಇಲ್ಲ. ಬರೆದವರು ಬಡಗುತಿಟ್ಟಿನ ಆಟ ಕಂಡಿದ್ದರಲ್ಲವೇ?

ಪ್ರಶ್ನೆ: ಪರಿಹಾರ?

ಕೀಲು: ಚಾರ್ನ್ಲಿಯ ಗುಂಡು 22 ಮಿಲಿಮೀಟರಿನ ಆಸುಪಾಸು. ಈಗ ದೊಡ್ಡವೂ ಇವೆ. ಗುಂಡು ದೊಡ್ಡದಾದಷ್ಟೂ ಜಾರುವ ಭಯ ಕಡಿಮೆ. ಕತ್ತರಿ ಹಾಕುವ ಮೊದಲೇ ಕೇಳಲಿ: ಊಟಕ್ಕೆ ಎಲ್ಲಿ ಕೂರ್ತೀರಿ, ಕಕ್ಕಸಿಗೆ ಹೇಗೆ ಕೂರ್ತೀರಿ, ವೇಷ ಕಟ್ತೀರಾ? ಗಾಲ್ಫಿನ ವಿಚಾರ ಕಡೆಗೆ ಕೇಳಿದರಾಯ್ತು. ಇಲ್ಲ ಅಂದರೆ ಒತ್ತಾಯ ಮಾಡೂದು ಬೇಡ.