ಇರುಳಿನ ದಾಂಡೇಲಿ

ಮುಂಬಯಿಯ ಮರೀನ್ ಡ್ರೈವಿನಲ್ಲಿ ನಿಂತು ಇರುಳಿನ ಚಿತ್ರ ತೆಗೆಯುವವನ ಪುಣ್ಯವೇ ಬೇರೆ. ಗಗನಚುಂಬಿ ಸೌಧಗಳು ಅವನಿಗಾಗಿಯೇ ದೀಪ ಹಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ದಾಂಡೇಲಿಯ ಛಾಯಾಗ್ರಾಹಕನಿಗಾದರೋ, 1950ರ ದಶಕದಲ್ಲಿ ಕಾಳೀತೀರದಲ್ಲಿ ತಲೆಯೆತ್ತಿದ ಕಾಗದದ ಕಾರ್ಖಾನೆಯ ಹೊಗೆಕೊಳವೆಯೊಂದೇ ಗಗನವನ್ನು ಚುಂಬಿಸತಕ್ಕದ್ದು. ಮುಂಡಗೋಡಿನವರಿಗೆ ಟಿಬೆಟನ್ ವಿಹಾರಗಳ ಸುವರ್ಣ ಶಿಖರಗಳುಂಟು. ಜೋಯಿಡಾದವರಿಗೆ ಅಪ್ಪಟ ಕತ್ತಲೆಯುಂಟು, ಅದು ನಕ್ಷತ್ರಗಳಿಗೆ ಅನುಕೂಲ.

ಸೂರ್ಯನು ಅಸ್ತಂಗತನಾದ ಬಳಿಕ ಒಂದು ಗಳಿಗೆಯ ಆಸುಪಾಸಿನಲ್ಲಿ ಆಕಾಶದಲ್ಲಿ ಉಳಿದಿರುವ ಗಾಢನೀಲವು ದೀಪಗಳ ಪ್ರಭೆಗೆ ಸರಿದೂಗುವುದರಿಂದ, ಆ ಮುಹೂರ್ತವನ್ನು ತಪ್ಪಿಸಿಕೊಂಡವನಿಗೆ ಮಸಿಯ ಮೇಲಿನ ಹಳದಿ ಚುಕ್ಕೆಗಳಲ್ಲದೆ ಬೇರೇನೂ ದಕ್ಕದು. ಆದುದರಿಂದ ಬೆಳಕಿರುವಾಗಲೇ ಟ್ರೈಪಾಡನ್ನು ಊರಬೇಕು. ಊರಿದೊಡನೆ ದಾರಿಹೋಕರು ಸುತ್ತುವರಿದು, “ಏನ್ರೀ ಸರ್, ರಸ್ತಾ ಅಗಲ ಮಾಡ್ತಾರೇನ್ರೀ?” ಎಂದು ಕೇಳುವುದು ಶತಸಿದ್ಧ, ಅಲ್ಲವೆಂದರೆ ಅವರ ಮುಖ ಬಾಡುತ್ತದೆ.

ಐಎಸ್‌ಒ 100, ಅಪರ್ಚರ್ ಎಫ್ 8, ಶಟರ್ 10 ಸೆಕೆಂಡು ಎಂದು ಆರಂಭಿಸಿ, ದೀಪಗಳು ಬೆಳ್ಳಗೆ ಸಿಡಿದುಹೋದರೆ ಕಾಲವನ್ನು ಅರ್ಧಕ್ಕಿಳಿಸತಕ್ಕದ್ದು. ಬೆರಳಿನ ಒತ್ತಡಕ್ಕೂ ಕ್ಯಾಮೆರಾ ಕಂಪಿಸುವುದರಿಂದ 2 ಸೆಕೆಂಡಿನ ಟೈಮರ್ ಹಾಕುವುದು ವಿಹಿತ. ದೀರ್ಘಾವಧಿಯಲ್ಲಿ ಹೊಗೆಯು ರೇಷ್ಮೆಯ ಉತ್ತರೀಯದಂತೆ ಹರಡಿಕೊಳ್ಳುವುದು. ಅದು ತೇಲಿಹೋಗುವ ದಿಕ್ಕಿಗೆ ಸ್ಥಳ ಬಿಟ್ಟು, ಕೊಳವೆಯನ್ನು ಚೌಕಟ್ಟಿನ ಒಂದು ಪಾರ್ಶ್ವಕ್ಕೆ ಸರಿಸಿರಿ. ನಡುಮಧ್ಯದಲ್ಲಿಟ್ಟರೆ ಅದು ಗುರುತುಚೀಟಿಯ ಭಾವಚಿತ್ರವಾಗುತ್ತದೆ. ನೀರಿನಲ್ಲಿ ಪ್ರತಿಬಿಂಬ ದೊರೆತರೆ ಆಕಾಶವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿರಿ.

ಕಾರ್ಖಾನೆಯ ದೀಪಗಳು ಬೆಳಗಿನವರೆಗೆ ಉರಿಯುತ್ತವೆ, ನೀಲಿ ಮಾತ್ರ ಯಾರಿಗೂ ಕಾಯದು. ಚಹಾವನ್ನು ಆಮೇಲೆ ಕುಡಿಯಿರಿ.