ಸನ್ಮಾನ ಸಮಿತಿಗೊಂದು ಬಿನ್ನವತ್ತಳೆ

ಶುಶ್ರೂಷಕಿಯರ ಸನ್ಮಾನ ಸಮಿತಿಯ ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ, ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನ ರಾತ್ರಿಪಾಳಿಯವಳು ಮಾಡಿಕೊಳ್ಳುವ ಅರಿಕೆ.

ಮಹಾಶಯರೇ,

ಫ್ಲಾರೆನ್ಸ್ ನೈಟಿಂಗೇಲ್ ಮಹಾತಾಯಿಯು 1820ರ ಮೇ 12ರಂದು ಜನಿಸಿದ ಪುಣ್ಯದಿಂದ ವರ್ಷಕ್ಕೊಮ್ಮೆ ನಮ್ಮ ಕೊರಳಿಗೆ ಹಾರವೂ ಹೆಗಲಿಗೆ ಶಾಲೂ ಕೈಗೆ ಹಣ್ಣಿನ ಬುಟ್ಟಿಯೂ ಪ್ರಾಪ್ತವಾಗುತ್ತಿರುವುದಕ್ಕೆ ಮೊದಲು ಕೃತಜ್ಞತೆಗಳು. ಈ ಸಲ ತಾವು ನಮ್ಮನ್ನು ‘ಧರೆಗಿಳಿದ ದೇವತೆಗಳು’ ಎಂದು ಕರೆದಿರಿ. 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ನಾಡಿಗೆ ನಾಡೇ ತಟ್ಟೆ ಜಾಗಟೆಗಳನ್ನು ಬಾರಿಸಿದಾಗಲೂ, ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆ ಕರೆದಾಗಲೂ ನಾನು ದೇವತೆಯೇ ಇರಬಹುದೆಂಬ ಸಂಶಯ ನನಗೆ ಬಂದದ್ದುಂಟು. ಆದರೆ ಪೂಜೆ ದೇವರಿಗಾದರೂ ನೈವೇದ್ಯ ಅರ್ಚಕರಿಗೇ ಸಲ್ಲುವುದು ಲೋಕರೂಢಿಯಾದ್ದರಿಂದ ಆ ವಿಚಾರವನ್ನು ಅಷ್ಟಕ್ಕೇ ಬಿಟ್ಟಿದ್ದೆನು.

ಸ್ವಯಂವರದಲ್ಲಿ ನಳನ ರೂಪ ತಳೆದು ಕುಳಿತ ದೇವತೆಗಳನ್ನು ದಮಯಂತಿ ಗುರುತಿಸಿದ ಬಗೆಯನ್ನು ತಾವು ಬಲ್ಲಿರಿ: ಅವರು ರೆಪ್ಪೆ ಬಡಿಯರು, ಬೆವರರು, ಅವರ ಮಾಲೆ ಬಾಡದು, ಪಾದ ನೆಲ ಸೋಕದು. ಈ ಲಕ್ಷಣಗಳನ್ನು ಹಿಡಿದು ನನ್ನನ್ನು ನಾನೇ ಪರೀಕ್ಷಿಸಿಕೊಂಡೆ. ಭಾರತೀಯ ಶುಶ್ರೂಷಾ ಪರಿಷತ್ತು ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೊಬ್ಬಳು ಇರತಕ್ಕದ್ದೆಂದು ವಿಧಿಸಿದ್ದರೂ 38 ಹಾಸಿಗೆಗಳಿಗೆ ನಾನೊಬ್ಬಳೇ ಇರುವಲ್ಲಿ, ಅನಿಮಿಷತ್ವವು ತಪಸ್ಸಿಲ್ಲದೆಯೇ ಸಿದ್ಧಿಸಿದೆ; ಪಾದಕ್ಕಂತೂ ನೆಲ ಸೋಕುವ ಪುರಸೊತ್ತಿಲ್ಲ. ಮಾಲೆಯೂ ಬಾಡಿಲ್ಲ, ತಾವು ಹಾಕಿದ್ದು ಪ್ಲಾಸ್ಟಿಕ್ಕಿನದು. ಬೆವರಿನ ಮಾತನ್ನು, ಫ್ಯಾನು ಕೆಟ್ಟಿರುವುದರಿಂದ, ಪರಿಗಣಿಸಬಾರದು. ತೊಡಕಿರುವುದು ದಮಯಂತಿ ನೋಡದೆ ಬಿಟ್ಟ ಲಕ್ಷಣದಲ್ಲಿ: ದೇವತೆಗಳು ಅಳುವರೋ, ಇಲ್ಲವೋ?

ಕಳೆದ ತಿಂಗಳು 14ನೆಯ ಹಾಸಿಗೆಯ ಅಜ್ಜಿ ಸೆರಗಿನ ತುದಿಯ ಗಂಟನ್ನು ನನ್ನ ಕೈಗೆ ಮುಟ್ಟಿಸಿ, ‘ಬಸ್ ಚಾರ್ಜಿಗೆ ಇಟ್ಕೊಂಡಿದ್ದೀನಿ ಕಣವ್ವ, ನಾಳೆ ಬಿಡ್ತಾರಾ?’ ಎಂದು ಕೇಳಿದ್ದು ರಾತ್ರಿ ಹನ್ನೊಂದಕ್ಕೆ. ಮೂರೂಕಾಲರ ಹೊತ್ತಿಗೆ ಅವಳ ಎದೆಯನ್ನು ಒತ್ತಿ ಒತ್ತಿ ನನ್ನ ತೋಳು ಸೋತಿತ್ತು. ವೈದ್ಯರು, ಹಿಂದಿನ ಬೆಳಗಿನಿಂದ ಕಣ್ಣು ಮುಚ್ಚದ ಎಳೆಯ ಹುಡುಗ, ಹೊತ್ತು ಬರೆದು ಗೋಡೆಗೆ ಮುಖಮಾಡಿ ನಿಂತರು. ನಾನು ಆ ಗಂಟನ್ನು ಬಿಚ್ಚಿ, ಎಣಿಸಿ, 85 ರೂಪಾಯಿಗಳನ್ನು ಮಗನ ಕೈಗಿತ್ತು ರಿಜಿಸ್ಟರಿನಲ್ಲಿ ಸಹಿ ಪಡೆಯುತ್ತಿರುವಾಗಲೇ ಪಕ್ಕದ ಹಾಸಿಗೆಯ ಕಡೆಯವರು, ‘ಸಿಸ್ಟರ್, ಡ್ರಿಪ್ ಖಾಲಿಯಾಗಿ ಎಷ್ಟೊತ್ತಾಯ್ತು! ಮುಖ ಯಾಕೆ ಗಂಟು ಹಾಕ್ಕೊಂಡಿದ್ದೀರಿ?’ ಎಂದು ಗದರಿದರು. ನಕ್ಕೆ. ‘ನಗುಮೊಗದ ಸೇವೆ’ ಎಂಬ ಫಲಕ ಅವರ ತಲೆಯ ಮೇಲೆಯೇ ಇತ್ತು.

ಇಂಥ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ವೃತ್ತಿಸಂಬಂಧಿಯಾದ ವಿದ್ಯಮಾನವೆಂದು ಅಂಗೀಕರಿಸಿದರು, ರೋಗವೆನ್ನಲಿಲ್ಲ. ರೋಗವಲ್ಲವೆಂದ ಮೇಲೆ ರಜೆಯ ಮಾತೆಲ್ಲಿಯದು?

ಆದಕಾರಣ, ಬರುವ ವರ್ಷದ ಶಾಲಿನ ವೆಚ್ಚದಲ್ಲಿ ಒಬ್ಬ ಬಡಗಿಯನ್ನು ಕಳುಹಿಸಿಕೊಡಬೇಕೆಂದು ಬಿನ್ನಹ. ವಾರ್ಡಿನ ಮೂಲೆಯಲ್ಲಿ ಬೆಡ್‌ಶೀಟುಗಳನ್ನಿಡುವ ಕೋಣೆಯೊಂದಿದೆ. ಹತ್ತು ನಿಮಿಷ ಅಳುವುದಕ್ಕೆ ಪ್ರಶಸ್ತವಾದ ಸ್ಥಳ. ಅದಕ್ಕಿರುವ ಚಿಲಕ ಹೊರಗಡೆಯದು. ಒಳಗಡೆಗೊಂದು ಬೇಕು.

ಇಂತು ತಮ್ಮ ವಿಧೇಯಳು,
ರಾತ್ರಿಪಾಳಿಯ ಸಿಸ್ಟರ್