ಇದ್ರಾಗ ಹುಲಿ ಎಲ್ಲಿ ಅದ?

ಬೀದರಿನ ಗಾಂಧಿ ಗಂಜಿನಲ್ಲಿ ಬದುಕುವವನಿಗೆ ಕಾಡಿನ ಫೋಟೊ ತೆಗೆಯುವ ಹುಚ್ಚು ಹತ್ತಬಾರದು. ಹತ್ತಿತೋ, ಭೂಗೋಳವೇ ಅವನಿಗೆ ವೈರಿ. ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳು ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ ಅಂತ ದಕ್ಷಿಣಕ್ಕೋ ಪಶ್ಚಿಮಕ್ಕೋ ಹೋಗಿ ಕೂತಿವೆ. ಕಲ್ಯಾಣ ಕರ್ನಾಟಕದ ಪಾಲಿಗೆ ಒಂದೂ ಬಂದಿಲ್ಲ. ನಮಗೆ ಬೆಂಗಳೂರೇ ಸುಮಾರು 700 ಕಿಲೋಮೀಟರ್. ಅದನ್ನೂ ದಾಟಿ ಬಂಡೀಪುರ ಮುಟ್ಟಿ, ಸಫಾರಿ ಗಾಡಿಯಲ್ಲಿ ಜಾಗ ಹಿಡಿದು, ಮುಂದಿನ ಸೀಟಿನವರ ಟೋಪಿಯ ಸಂದಿಯಲ್ಲಿ ಹುಲಿಯ ಬಾಲ ಕಂಡು ತಿರುಗಿ ಬರುವಷ್ಟರಲ್ಲಿ ಇಲ್ಲಿ ತೊಗರಿಯ ಸೀಸನ್ನೇ ಮುಗಿದಿರುತ್ತದೆ. ಪಕ್ಕದ ಚಿಂಚೋಳಿಯಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮ ಇದೆ, ನಿಜ. ಹೆಸರು ಹೇಳಿದರೆ ಗಂಜಿನವರು, "ಚಿಂಚೋಳ್ಯಾಗ ನಮ್ಮ ಬೀಗರು ಅದಾರ್ರಿ, ಅದೆಂಥ ಕಾಡು?" ಅನ್ನುತ್ತಾರೆ. ಬೀಗರಿರುವ ಊರು ಕಾಡಾಗಲು ಸಾಧ್ಯವಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ನಾನು ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮ. ಸಾಲ ಮಾಡಿ ಲೆನ್ಸ್ ತಂದ ದಿನ ಹೆಂಡತಿಗೆ ಸಂಡೂರಿನ ಎಂ.ವೈ. ಘೋರ್ಪಡೆಯವರ ಉದಾಹರಣೆ ಕೊಟ್ಟೆ. ರಾಜ್ಯದ ಹಣಕಾಸು ಸಚಿವರಾಗಿದ್ದವರು, ವನ್ಯಜೀವಿ ಛಾಯಾಗ್ರಹಣದಲ್ಲೂ ದೊಡ್ಡ ಹೆಸರು ಮಾಡಿದವರು. ಖಜಾನೆಯ ಲೆಕ್ಕ ನೋಡಿದವರಿಗೇ ಈ ಹುಚ್ಚು ಇತ್ತೆಂದರೆ ಗಂಜಿನ ಮುನೀಮನಿಗೆ ಇರಬಾರದೇಕೆ ಎಂದೆ. "ಅವ್ರು ಸಂಡೂರ ರಾಜರ ಮನಿತನದವ್ರು. ನಿಮ್ಮ ಪಗಾರ ಎಷ್ಟದ?" ಎಂದಳು. ವಾದ ಅಲ್ಲಿಗೆ ನಿಂತಿತು. ಲೆನ್ಸ್ ಮಾತ್ರ ಮನೆಯಲ್ಲೇ ಉಳಿಯಿತು.

ಹೀಗಾಗಿ ನನ್ನ ಬಂಡೀಪುರ ಅಂದರೆ ಊರಿಗೆ ಹತ್ತಿರದ ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯ, ಅದರಾಚೆಯ ಮುರ್ರಂ ಬಯಲು, ಭಾಲ್ಕಿ-ಔರಾದ ಕಡೆಯ ಹೊಲಗಳು. ನನ್ನ ಹುಲಿ ಅಂದರೆ ಕೃಷ್ಣಮೃಗ, ನಮ್ಮ ಬಾಯಲ್ಲಿ ಚಿಗರಿ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1916ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ, ಕೊಡ್ಯಾಕ್ ಬ್ರೌನಿ ಎಂಬ ಡಬ್ಬಿ ಕ್ಯಾಮರಾ ಹಿಡಿದು ಯೊಸೆಮಿಟಿ ಕಣಿವೆಗೆ ಹೋದವನು. ಎದುರಿಗೆ ಸಾವಿರಾರು ಅಡಿ ನೆಟ್ಟಗೆ ನಿಂತ ಗ್ರಾನೈಟ್ ಗೋಡೆ. ಅಲ್ಲಿ ಕ್ಯಾಮರಾ ಕೈಜಾರಿ ಬಿದ್ದು ಕ್ಲಿಕ್ ಆದರೂ ಕಲಾಕೃತಿ ಎಂದು ನನ್ನ ಹೊಟ್ಟೆಕಿಚ್ಚು. ನನ್ನ ಬಯಲಲ್ಲಿ ನೆಟ್ಟಗೆ ನಿಂತಿರುವವು ಒಂದು ಬೇವಿನ ಮರ, ಒಂದು ಮೊಬೈಲ್ ಟವರ್. ಎರಡನ್ನೂ ತಪ್ಪಿಸಿ ಚೌಕಟ್ಟು ಕಟ್ಟಿದರೆ ಉಳಿಯುವುದು ಅರ್ಧ ನೆಲ, ಅರ್ಧ ಆಕಾಶ. ಇಂಥ ಹುಲ್ಲು-ಕುರುಚಲಿನ ಬಯಲುಗಳನ್ನು ಸರ್ಕಾರವೂ ತನ್ನ ನಕಾಶೆ ಪುಸ್ತಕದಲ್ಲಿ ಪಾಳುಭೂಮಿಯ ಲೆಕ್ಕಕ್ಕೇ ಬರೆದುಕೊಂಡಿದೆ. ಆ ಪಾಳಿನಲ್ಲೇ ಒಂದು ಕಾಲಕ್ಕೆ ಚೀತಾ ಚಿಗರಿಯ ಬೆನ್ನಟ್ಟುತ್ತಿತ್ತು. ಚೀತಾ ದೇಶದಿಂದ ನಿರ್ನಾಮವಾಯಿತೆಂದು 1952ರಲ್ಲಿ ಘೋಷಿಸಿದರು. ಆ ಸುದ್ದಿ ನಮ್ಮ ಚಿಗರಿಗಳಿಗೆ ಇನ್ನೂ ಮುಟ್ಟಿಲ್ಲ. ಗಂಟೆಗೆ 80 ಕಿಲೋಮೀಟರಿನ ಆಸುಪಾಸು ಓಡುತ್ತಲೇ ಇವೆ.

ಅವು ಯಾವುದಕ್ಕೆ ಓಡುತ್ತವೆ, ಯಾವುದಕ್ಕೆ ಓಡುವುದಿಲ್ಲ ಎಂಬುದು ಬೇರೆಯೇ ಶಾಸ್ತ್ರ. ಟ್ರ್ಯಾಕ್ಟರ್ ಬಂದರೆ ತಲೆ ಎತ್ತುವುದಿಲ್ಲ. ಬೀದರ್ ವಾಯುನೆಲೆಯ ಸೂರ್ಯಕಿರಣ ತಂಡ ನೆತ್ತಿಯ ಮೇಲೆ ಅಂಗಾತ ಮಗುಚಿ ಹಾರಿದರೂ ಮೇಯುವುದು ಬಿಡುವುದಿಲ್ಲ. ನಡೆದು ಹೋಗುತ್ತಿದ್ದ ಒಬ್ಬ ಮುನೀಮ ನಿಂತ ಅಂದರೆ ಮಾತ್ರ ಹಿಂಡಿಗೆ ಹಿಂಡೇ ಗಾಳಿಗೆ ಜಿಗಿಯುತ್ತದೆ. ಆದ್ದರಿಂದ ಮುಳ್ಳಿನ ಮೇಲೆ ಬೋರಲು ಮಲಗಬೇಕು. ವಿಮಾನಗಳ ಊರಿನಲ್ಲಿ ಮಾರುದ್ದದ ಲೆನ್ಸ್ ಹಿಡಿದು ಬೋರಲು ಮಲಗಿದವನು ಜಿಂಕೆಯನ್ನೇ ನೋಡುತ್ತಿದ್ದಾನೆಂದು ದಾರಿಹೋಕರನ್ನು ನಂಬಿಸುವುದು ಸುಲಭವಲ್ಲ. ಬಿಸಿಲೇರಿದರೆ ನೆಲದ ಝಳಕ್ಕೆ ಚಿತ್ರವೆಲ್ಲ ನೀರಿನಲ್ಲಿ ಅಲುಗಿದಂತೆ ಬರುತ್ತದೆ. ಏನು ಮಾಡುವುದಿದ್ದರೂ ಬೆಳಗಿನ ಹೊತ್ತಿಗೇ ಆಗಬೇಕು.

ಆ ಹೊತ್ತಿಗೆ ಗಂಡುಗಳ ವೈಭವ. ಸುರುಳಿ ಕೊಂಬಿನ ಕರಿ ಗಂಡು ತನ್ನದೇ ಒಂದು ತುಂಡು ನೆಲ ಹಿಡಿದು, ದಿನಾ ಅಲ್ಲೇ ಹಿಕ್ಕೆಯ ಗುಡ್ಡೆ ಹಾಕಿ, ಮೂತಿ ಮೇಲೆತ್ತಿ ನಿಲ್ಲುತ್ತದೆ. ಹೆಣ್ಣುಗಳು ಒಂದೊಂದೇ ಗುಡ್ಡೆ ದಾಟಿ, ಯಾರಿಗೂ ಹೂಂ ಅನ್ನದೆ ಮುಂದೆ ಸಾಗುತ್ತವೆ. ಗಂಜಿನಲ್ಲಿ ಖರೀದಿದಾರರು ರಾಶಿಯಿಂದ ರಾಶಿಗೆ ನಡೆದು, ಹಿಡಿ ಕಾಳು ಎತ್ತಿ ನೋಡಿ, ಮಾತಾಡದೆ ಉದುರಿಸಿ ಹೋಗುವುದು ಥೇಟ್ ಹೀಗೆಯೇ. ರಜೆಯ ದಿನವೂ ನನಗೆ ಡ್ಯೂಟಿ ತಪ್ಪಿದ್ದಲ್ಲ.

ದೀಪಾವಳಿ ದಾಟಿದ ಮೇಲೆ, ಕಡಲೆ ಗೇಣುದ್ದ ಬೆಳೆದಿದ್ದಾಗ, ಹೀಗೇ ಬದುವಿನ ಮೇಲೆ ಮಲಗಿದ್ದೆ. ಬೆನ್ನ ಹಿಂದೆ ಧ್ವನಿ.

"ಏನ್ರಿ ಸಾಹೇಬ್ರ, ಸರ್ವೇಕ್ಕ ಬಂದೀರೇನು?"

"ಇಲ್ಲ ಕಾಕಾ. ಚಿಗರಿ ಫೋಟೊ ತೆಗಿಲಾಕ ಬಂದೀನಿ."

"ಚಿಗರೀದು ಏನ್ ತೆಗಿತೀರಿ? ಅದು ತಿಂದದ್ದು ತೆಗೀರಿ!"

ಆಮೇಲೆ ನನ್ನ ಮಾತು ನಡೆಯಲಿಲ್ಲ. ಕಾಕಾ ಸಾಲು ಸಾಲು ಸುತ್ತಿಸಿ, ಕುಡಿ ಚಿವುಟಿದ ಗಿಡ ಒಂದೊಂದರ ಫೋಟೊ ತೆಗೆಸಿದ. ಹಾನಿಯ ಅಳತೆ ತಿಳಿಯಲೆಂದು ಪ್ರತಿಯೊಂದರ ಪಕ್ಕ ತಾನೂ ನಿಂತ. ಬೆಳೆ ಹಾನಿಗೆ ಪರಿಹಾರ ಕೇಳಿ ಅರ್ಜಿ ಹಾಕುವವನಿದ್ದ. ಕ್ಯಾಮರಾ ಹಿಡಿದವನೆಲ್ಲ ಸಾಹೇಬ ಎಂಬ ಅವನ ನಂಬಿಕೆಯನ್ನು ಮುನೀಮನೊಬ್ಬ ಒಡೆಯಲಾದೀತೆ? ಹೊಲದ ಸುತ್ತ ಮನೆಯ ಹಳೇ ಸೀರೆಗಳ ಬೇಲಿ ಇತ್ತು. "ಸೀರಿ ಕಂಡ್ರ ಅಂಜತಾವ ಅಂದ್ರು. ನೋಡಿದ್ರ ಹಬ್ಬಕ್ಕ ಕರದಂಗ ಒಳಗ ಬರ್ಲಾಕತ್ಯಾವ" ಎನ್ನುತ್ತಿರುವಾಗಲೇ ಒಂದು ಕರಿ ಗಂಡು ಹೊಲದೊಳಗಿಂದ ಎದ್ದು, ಹಳದಿ ಸೀರೆಯ ಮೇಲಿಂದ ಒಂದೇ ನೆಗೆತಕ್ಕೆ ಆಚೆ ಹಾರಿತು. ನಾಲ್ಕೂ ಕಾಲು ಗಾಳಿಯಲ್ಲಿ, ಕೆಳಗೆ ಜರಿಯಂಚು. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಫೋಟೊ ಬಂದಿಲ್ಲ.

ಬಂದರೇನು? ನಿಸರ್ಗ ವಿಭಾಗದ ಎಷ್ಟೋ ಸ್ಪರ್ಧೆಗಳಲ್ಲಿ ಮನುಷ್ಯ ಮಾಡಿದ ವಸ್ತು ಚೌಕಟ್ಟಿನಲ್ಲಿ ಕಾಣಬಾರದೆಂಬ ನಿಯಮ. ಸೀರೆ ತೆಗೆದುಹಾಕಿದರೆ ಚಿಗರಿ ಸುಮ್ಮನೆ ಹಾರಿದಂತಾಗುತ್ತದೆ. ಬೀದರ್ ಜಿಲ್ಲೆಯ ಚಿಗರಿ ಯಾವತ್ತೂ ಸುಮ್ಮನೆ ಹಾರುವುದಿಲ್ಲ. ಅದರ ಹಿಂದೆ ಯಾರದೋ ಕಡಲೆ ಇದ್ದೇ ಇರುತ್ತದೆ. ಸ್ಪರ್ಧೆ ಬಿಟ್ಟೆ, ಸೀರೆ ಉಳಿಸಿಕೊಂಡೆ.

ಪ್ರಿಂಟ್ ಹಾಕಿಸಿ ಸಾವ್ಕಾರರ ಗಾದಿಯ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇದ್ರಾಗ ಹುಲಿ ಎಲ್ಲಿ ಅದ?"

"ಹುಲಿ ಇಲ್ರಿ ಸಾವ್ಕಾರ್ರ. ಚಿಗರಿ."

"ಚಿಗರಿ ಇರ್ಲಿ. ಕಡಲಿ ಚಲೋ ಬಂದದಲ್ಲೋ! ಯಾರ ಹೊಲ? ಮಾಲು ನಮ್ಮ ಅಂಗಡಿಗೆ ಬರ್ತದೇನು ಕೇಳು."

ಒಟ್ಟಿನಲ್ಲಿ ಫೋಟೊ ಮೆಚ್ಚಿಗೆಯಾಯಿತು. ಹೊಸ ವರ್ಷದ ಕ್ಯಾಲೆಂಡರಿಗೆ ಅದೇ ಇರಲಿ ಎಂದರು. ಚೌಕಟ್ಟಿನ ಮೇಲಿನ ಎರಡು ಪಾಲು ಆಕಾಶವನ್ನು ನಾನು ಎಷ್ಟು ಎಚ್ಚರದಿಂದ ಖಾಲಿ ಬಿಟ್ಟಿದ್ದೆನೋ, "ಜಾಗ ಖಾಲಿ ಬಿದ್ದದಲ್ಲ" ಎಂದು ಅಷ್ಟೇ ಎಚ್ಚರದಿಂದ ಅಲ್ಲಿ ಬಸವಣ್ಣನವರನ್ನೂ ಅಂಗಡಿಯ ಹೆಸರನ್ನೂ ಎರಡು ಫೋನ್ ನಂಬರುಗಳನ್ನೂ ಕೂರಿಸಿದರು. ಜಿಗಿದ ಚಿಗರಿಯ ಕೊಂಬು ನೇರ ನಂಬರಿಗೆ ತಾಗುತ್ತದೆ.

ಬೇಸಿಗೆ ಹತ್ತಿರವಾದಾಗ ಕಾಕಾ ಕಡಲೆ ಚೀಲ ಹೇರಿಕೊಂಡು ನಮ್ಮ ಅಂಗಡಿಗೇ ಬಂದ. ತೂಕ ನೋಡುವುದು ಬಿಟ್ಟು ಗೋಡೆ ನೋಡುತ್ತ ನಿಂತ. "ಅಯ್ಯ, ನಮ್ಮ ಸೊಸಿ ಸೀರಿ!" ಎಂದ. ಆಮೇಲೆ ಹತ್ತಿರ ಹೋಗಿ ಕೆಳಗಿನ ಹಾಳೆಗಳನ್ನು ತಿರುವಿ ನೋಡಿದ. "ಸಾವ್ಕಾರ್ರ, ಇದು ಎರಡು ಕೊಡ್ರಿ. ಒಂದು ಮನಿಗಿ, ಒಂದು ಪರಿಹಾರದ ಅರ್ಜೀಗಿ. ವರ್ಷದ ಎಲ್ಲಾ ತಾರೀಖೂ ಅದಾವ, ದಿನಾ ತಿಂದದ್ದಕ್ಕ ಪುರಾವಾ ಆಯ್ತು."

ಖಾತೆಗೊಂದೇ ಕ್ಯಾಲೆಂಡರ್ ಎಂಬುದು ಅಂಗಡಿಯ ಕಾಯಿದೆ, ಸಾವ್ಕಾರರು ಜಗ್ಗಲಿಲ್ಲ. ಕಾಕಾ ಸ್ವಲ್ಪ ಹೊತ್ತು ಯೋಚಿಸಿ, ಇದ್ದೊಂದನ್ನು ಅರ್ಜಿಗೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ. ಸೊಸೆ ಆ ಸೀರೆಯನ್ನು ಹೇಗೂ ನೋಡಿದ್ದಾಳಂತೆ.